ಮಣ್ಣಿನ ಮೂರ್ತಿ

ಪೊಳಲಿಯ ರಾಜರಾಜೇಶ್ವರಿಯ ಮೂರ್ತಿ ಮಣ್ಣಿನದು. ಫಲ್ಗುಣಿಯ ದಡದ ಈ ಗುಡಿಯಲ್ಲಿ ಅದು ಇಷ್ಟು ಕಾಲ ಉಳಿದುಬಂದದ್ದಕ್ಕೆ ಆಗಾಗ ನಡೆಯುವ ಲೇಪದ ಆರೈಕೆಯೂ ಒಂದು ಕಾರಣ. ಮೊನ್ನೆ ಅಲ್ಲಿ ಕೈಮುಗಿದು ನಿಂತಾಗ ನನಗೆ ನೆನಪಾದದ್ದು ಒಂದು ಹಳೆಯ ತಪ್ಪು.

ಬಹಳ ವರ್ಷಗಳ ಹಿಂದಿನ ಮಾತು. ತಂದೆಯವರ ಗದ್ದೆಯ ಪಹಣಿಗಾಗಿ ಕಚೇರಿಯೊಂದರ ಮೆಟ್ಟಿಲನ್ನು ಮೂರು ಸಲ ಹತ್ತಿಳಿದಿದ್ದೆ. ನಾಲ್ಕನೆಯ ಸಲ ಅರ್ಜಿಯ ಮಡಿಕೆಯೊಳಗೆ ನೋಟೊಂದನ್ನಿಟ್ಟೆ. ಅಂದು ಮಧ್ಯಾಹ್ನವೇ ಕೆಲಸವಾಯಿತು. ಮರುದಿನ ತರಗತಿಯಲ್ಲಿ ಹರಿಶ್ಚಂದ್ರನ ಕಥೆ ಹೇಳುವಾಗ ನನ್ನ ದನಿ ನನಗೇ ಅಪರಿಚಿತವೆನಿಸಿತು.

ಇಂಥ ಮಡಿಕೆಗಳಿಂದ ಬಂದರುಗಳವರೆಗೂ ಹಬ್ಬುವ ರೋಗಕ್ಕೆ ಮದ್ದೆಂದು ಕರ್ನಾಟಕವು 1984ರಲ್ಲಿ ಲೋಕಾಯುಕ್ತ ಕಾಯಿದೆಯನ್ನು ಮಾಡಿತು. ನಮ್ಮ ನೆರೆಯ ಕಾರ್ಕಳ ಸೀಮೆಯ ನಿಟ್ಟೆಯವರಾದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು, ಸುಪ್ರೀಂ ಕೋರ್ಟಿನಿಂದ ನಿವೃತ್ತರಾದ ಮೇಲೆ, 2006ರಿಂದ 2011ರವರೆಗೆ ಆ ಪೀಠದಲ್ಲಿದ್ದರು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿಯಾಗಿದ್ದ ಅದಿರು ಮಾಯವಾಯಿತು. ಅಕ್ರಮವನ್ನು ಪತ್ತೆಹಚ್ಚಿದ ಅರಣ್ಯಾಧಿಕಾರಿಯ ಮೇಲೆಯೇ ಕ್ರಮಕ್ಕೆ ಸರಕಾರ ಮುಂದಾದಾಗ ಹೆಗ್ಡೆಯವರು ರಾಜೀನಾಮೆಯಿತ್ತರು. ಮರುತಿಂಗಳು ಅದನ್ನು ಹಿಂತೆಗೆದುಕೊಂಡು ಕೆಲಸಕ್ಕೆ ಮರಳಿದರು. 2011ರ ಜುಲೈಯಲ್ಲಿ ಅವರಿತ್ತ ವರದಿಯು, ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ 16,000 ಕೋಟಿ ರೂಪಾಯಿಗೂ ಮಿಕ್ಕ ನಷ್ಟವಾಯಿತೆಂದು ಹೇಳಿತು. ಆ ತಿಂಗಳ 31ರಂದು ಮುಖ್ಯಮಂತ್ರಿಗಳೇ ಪದವಿಯನ್ನು ಬಿಟ್ಟರು.

ಆದರೆ ಸಂಸ್ಥೆಯೂ ಮಣ್ಣಿನದೇ. 2015ರಲ್ಲಿ ಲೋಕಾಯುಕ್ತದ ಕಚೇರಿಯಲ್ಲೇ ಸುಲಿಗೆಯ ಆರೋಪವೆದ್ದು, ಅಂದಿನ ಲೋಕಾಯುಕ್ತರು ರಾಜೀನಾಮೆ ನೀಡಿದರು. 2016ರಲ್ಲಿ ತನಿಖೆಯ ಅಧಿಕಾರ ಭ್ರಷ್ಟಾಚಾರ ನಿಗ್ರಹ ದಳಕ್ಕೆ ಹೋಯಿತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ದಳವನ್ನು ರದ್ದುಗೊಳಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಬಿರುಕು ಬಿಟ್ಟಾಗಲೆಲ್ಲ ಲೇಪ ಬೇಕು; ಒಬ್ಬ ಸಜ್ಜನನ ಐದು ವರ್ಷ ಎಲ್ಲ ಕಾಲಕ್ಕೂ ಸಾಲದು.

ಲೇಪ ಹಚ್ಚುವ ಕೈ ಯಾರದು? ಪಹಣಿಯೀಗ ‘ಭೂಮಿ’ ಯೋಜನೆಯ ಗಣಕಯಂತ್ರದಿಂದ ಮುದ್ರಿತವಾಗಿ ಬರುತ್ತದೆ. ಶ್ಯಾನುಭೋಗರ ಕೈಬರಹದ ಪುಸ್ತಕದ ಹಂಗು ತಪ್ಪಿದೆ. ಆದರೆ ಯಂತ್ರಕ್ಕೆ ಮನಸ್ಸಾಕ್ಷಿಯಿಲ್ಲ. 2018ರ ತಿದ್ದುಪಡಿಯಂತೆ ಲಂಚ ಕೊಡುವವನೂ ಅಪರಾಧಿ. ಬಲವಂತಕ್ಕೆ ಕೊಟ್ಟವನು ಏಳು ದಿನಗಳೊಳಗೆ ದೂರಿತ್ತರೆ ಮಾತ್ರ ಅವನಿಗೆ ರಕ್ಷಣೆ.

ಆ ಕಾನೂನು ನನ್ನ ಕಾಲಕ್ಕಿರಲಿಲ್ಲ, ನಿಜ. ಆದರೂ ನನ್ನನ್ನು ಯಾರೂ ಬಲವಂತ ಮಾಡಿರಲಿಲ್ಲ. ನಾಲ್ಕನೆಯ ಸಲ ಮೆಟ್ಟಿಲು ಹತ್ತುವ ಬೇಸರಕ್ಕೆ ನಾನು ಸೋತಿದ್ದೆ. ಏಳು ದಿನಗಳಲ್ಲಿ ಹೇಳಬಹುದಾಗಿದ್ದ ಮಾತನ್ನು ಹೇಳಲು ನನಗೆ ಇಷ್ಟು ವರ್ಷಗಳು ಬೇಕಾದುವು.