ತೊಲೆ ಕಣ್ಣಿಗೆ ಕಾಣುತ್ತಿರಲಿ

ನಾನು ಒಂಬತ್ತರ ಮಗ್ಗಿ ಕಲಿತದ್ದು ಶಾಲೆಯಲ್ಲಲ್ಲ, ನಮ್ಮ ಮನೆಯ ಪಡಸಾಲೆಯಲ್ಲಿ ಅಂಗಾತ ಮಲಗಿಕೊಂಡು. ಮೇಲೆ ಆರು ತೊಲೆಗಳಿದ್ದವು. ಈ ಗೋಡೆಯಿಂದ ಆ ಗೋಡೆಯವರೆಗೆ ಅವು ಏಳು ಅಂಕಣ ಮಾಡಿದ್ದವು. ಒಂದೊಂದು ಅಂಕಣಕ್ಕೆ ಒಂಬತ್ತು ಜಂತಿ. "ಏಳೊಂಬತ್ಲ ಅರವತ್ಮೂರು" ಎಂದು ನಮ್ಮಜ್ಜ ಬೆರಳು ತೋರಿಸಿ ಎಣಿಸುತ್ತಿದ್ದರು. ಮುಂದೆ ನಾನೂ ಶಾಲಾ ಮೇಷ್ಟ್ರಾದೆ. ಆ ಲೆಕ್ಕ ಮಾತ್ರ ಮರೆಯಲಿಲ್ಲ.

ಹೋದ ವರ್ಷ ಏಳನೇ ತರಗತಿಯ ಮೊಮ್ಮಗಳಿಗೆ ಈ ಕಥೆ ಹೇಳಿದೆ. ಅವಳು ತಲೆಯೆತ್ತಿ ನೋಡಿದಳು.

"ತೊಲೆ ಎಲ್ಲೈತೆ ತಾತಾ?"

ಮೇಲೆ ಕಾಣುತ್ತಿದ್ದದ್ದು ಬಿಳಿ ಪ್ಲಾಸ್ಟಿಕ್ ಪಟ್ಟಿಗಳ ನುಣುಪಾದ ಸೀಲಿಂಗ್. ನಾನು ನಕ್ಕು ಸುಮ್ಮನಾದೆ. ಎರಡು ತಿಂಗಳ ಮೇಲೆ ಅದೇ ಪ್ರಶ್ನೆಯನ್ನು ಬ್ಯಾಂಕಿನ ಕಡೆಯ ಎಂಜಿನಿಯರ್ ಕೇಳಿದಾಗ ಮಾತ್ರ ನಗು ಬರಲಿಲ್ಲ.

ನಮ್ಮ ಊರು ವಡ್ಡು. ಸಂಡೂರು ತಾಲ್ಲೂಕು, ತೋರಣಗಲ್ಲಿನ ಪಕ್ಕ. 1971ರಲ್ಲಿ ಇಂದಿರಾ ಗಾಂಧಿಯವರು ತೋರಣಗಲ್ಲಿಗೆ ಬಂದು ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದಾಗ ನಾನು ಹುಡುಗ. ಕಾರ್ಖಾನೆ ಎದ್ದು ನಿಂತದ್ದು ತೊಂಬತ್ತರ ದಶಕದಲ್ಲಿ. ಆಮೇಲೆ ಸುತ್ತಲ ಊರುಗಳಲ್ಲಿ ಮಾಳಿಗೆ ಮನೆಗಳು ಒಂದೊಂದಾಗಿ ಬಿದ್ದು ಆರ್‌ಸಿಸಿ ಮನೆಗಳು ಎದ್ದವು. ನಮ್ಮದು ಉಳಿಯಿತು.

ಮಕ್ಕಳೇ, ಮಾಳಿಗೆ ಮನೆ ಎಂದರೆ ಮಣ್ಣಿನ ಚಪ್ಪಟೆ ಛಾವಣಿಯ ಮನೆ. ಕಂಬದ ಮೇಲೆ ದಪ್ಪ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಮರದ ಚಕ್ಕೆ, ಚಕ್ಕೆಯ ಮೇಲೆ ಹುಳ ಹತ್ತದಿರಲೆಂದು ಬೇವಿನ ಸೊಪ್ಪು, ಅದರ ಮೇಲೆ ತುಳಿದು ಹದ ಮಾಡಿದ ಮಣ್ಣು. ಎಲ್ಲಕ್ಕಿಂತ ಮೇಲೆ ಚೌಳು ಮಣ್ಣು. ಚೌಳಿನಲ್ಲಿ ಸೋಡಿಯಂ ಉಪ್ಪಿನ ಅಂಶ ಹೆಚ್ಚು. ನೀರು ಬಿದ್ದೊಡನೆ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಉಬ್ಬಿ ಸಂದುಗಳನ್ನು ಮುಚ್ಚುತ್ತವೆ. ಹೊಲದಲ್ಲಿ ನೀರು ಇಂಗಗೊಡದ ಈ ಹಾಳು ಗುಣವೇ ಮಾಳಿಗೆಯ ಮೇಲೆ ಒಳ್ಳೆಯ ಗುಣ. ಆದರೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಲೇಬೇಕು.

ಬಳ್ಳಾರಿ ಸೀಮೆಯ ಬೇಸಿಗೆ ನಿಮಗೆ ಗೊತ್ತು. 40 ಡಿಗ್ರಿ ದಾಟಿದರೂ ನಮಗದು ಸುದ್ದಿಯಲ್ಲ. ದಪ್ಪ ಮಣ್ಣಿನ ಮಾಳಿಗೆ ಹಗಲಿನ ಬಿಸಿಯನ್ನು ತಾನೇ ಕುಡಿದು, ನಿಧಾನವಾಗಿ ಕೆಳಗೆ ಬಿಡುತ್ತದೆ. ಮಧ್ಯಾಹ್ನದ ಉರಿ ಒಳಗೆ ತಲುಪುವ ಹೊತ್ತಿಗೆ ಹೊರಗೆ ಸಂಜೆಯ ಗಾಳಿ ಬೀಸುತ್ತಿರುತ್ತದೆ.

ಇಷ್ಟು ಒಳ್ಳೆಯ ಛಾವಣಿಯನ್ನು ಮುಚ್ಚಿದ್ದೇಕೆ? ಊಟದ ತಟ್ಟೆಗೆ ಮಣ್ಣು ಉದುರುತ್ತಿತ್ತು. ಒಮ್ಮೆ ತೊಟ್ಟಿಲ ಪಕ್ಕದಲ್ಲೇ ಚೇಳು ಬಿತ್ತು. ಸೊಸೆ ಹೆದರಿದಳು. ಚೌಳು ಮಣ್ಣು ಹಾಕಲು ಆಳು ಸಿಗುವುದೂ ಕಷ್ಟವಾಗಿತ್ತು. ಆರು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರ ಬಂದು, "ಕೆಳಗೆ ಥರ್ಮೋಕೋಲ್ ಇಟ್ಟು ಪ್ಲಾಸ್ಟಿಕ್ ಸೀಲಿಂಗ್ ಹೊಡೆದುಬಿಡ್ತೀನಿ ಮೇಷ್ಟ್ರೇ. ತಣ್ಣಗೂ ಇರ್ತೈತೆ, ಚೆಂದಾನೂ ಕಾಣ್ತೈತೆ" ಎಂದ. ಮಾಳಿಗೆಯ ಮೇಲೊಂದು ಟಾರ್ಪಾಲು ಹಾಸಿದೆವು. ಅಲ್ಲಿಗೆ ಮಣ್ಣು ಹಾಕುವುದೂ ನಿಂತಿತು, ತಲೆಯೆತ್ತಿ ನೋಡುವುದೂ ನಿಂತಿತು.

ಹೋದ ವರ್ಷ ಹೊಸಪೇಟೆಯಲ್ಲಿರುವ ನನ್ನ ತಮ್ಮನಿಗೆ ಹಣದ ಅಡಚಣೆ ಬಂತು. ಮನೆಯಲ್ಲಿ ಅರ್ಧ ಪಾಲು ಅವನದು. "ಅಣ್ಣಾ, ಮಾರಿಬಿಡೋಣ. ಇಲ್ಲಾಂದ್ರೆ ನನ್ನ ಪಾಲಿನ ದುಡ್ಡು ಕೊಟ್ಟು ನೀನೇ ಇಟ್ಕೋ" ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಮಗ ಮನೆಯ ಮೇಲೆ ಸಾಲ ತೆಗೆದು ಚಿಕ್ಕಪ್ಪನ ಪಾಲು ಕೊಡಲು ಮುಂದಾದ. ಅದಕ್ಕೆ ತಮ್ಮನೂ ಒಪ್ಪಿ ಸಹಿ ಹಾಕಿದ.

ಇಲ್ಲಿ ಮಕ್ಕಳಿಗೊಂದು ಮಾತು. ಮನೆಯನ್ನು ಅಡವಿಟ್ಟರೆ ಅದನ್ನು ಹೊತ್ತುಕೊಂಡು ಹೋಗಿ ಬ್ಯಾಂಕಿನಲ್ಲಿಡುವುದಿಲ್ಲ. ಅದರ ಮೂಲ ಪತ್ರಗಳನ್ನು ಇಡುತ್ತೇವೆ. ಸಾಲ ತೀರಿಸದಿದ್ದರೆ ಬ್ಯಾಂಕು ಮನೆಯನ್ನು ಮಾರಿ ಹಣ ಪಡೆಯಬೇಕು. ಅದಕ್ಕೇ ಅದು ಎರಡು ಪ್ರಶ್ನೆ ಕೇಳುತ್ತದೆ: ಪತ್ರ ಸರಿಯಾಗಿದೆಯೇ? ಮನೆ ಗಟ್ಟಿಯಾಗಿದೆಯೇ? ಮೊದಲನೆಯದನ್ನು ವಕೀಲರು ನೋಡುತ್ತಾರೆ, ಎರಡನೆಯದನ್ನು ಬೆಲೆ ಕಟ್ಟುವ ಎಂಜಿನಿಯರ್. ಮನೆ ಕೊಳ್ಳುವ ಸಾಲವಾದರೆ 30 ಲಕ್ಷ ರೂಪಾಯಿವರೆಗೆ ಮನೆಯ ಬೆಲೆಯ ಶೇ. 90ನ್ನು ಮೀರುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. ಬೆಲೆ 10 ಲಕ್ಷವಾದರೆ ಸಾಲ ಹೆಚ್ಚೆಂದರೆ 9 ಲಕ್ಷ. ಇರುವ ಮನೆಯ ಮೇಲಿನ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಇನ್ನೂ ಕೈ ಬಿಗಿ ಹಿಡಿಯುತ್ತವೆ. ಎಂಜಿನಿಯರ್ ಬರೆಯುವ ಬೆಲೆ ಇಳಿದರೆ ಸಾಲವೂ ಇಳಿಯುತ್ತದೆ.

ನಮ್ಮ ಪತ್ರಗಳು ಸರಿಯಾಗಿದ್ದವು. ಪಂಚಾಯಿತಿಯ ಇ-ಸ್ವತ್ತು ನಮೂನೆ, ಸಂಡೂರಿನ ಉಪನೋಂದಣಿ ಕಚೇರಿಯ ಋಣಭಾರ ಪತ್ರ, ತೆರಿಗೆ ರಸೀದಿ ಎಲ್ಲವೂ ಇದ್ದವು. ಎಂಜಿನಿಯರ್ ಗೋಡೆ ಅಳೆದರು, ಕಂಬ ತಟ್ಟಿದರು. ಆಮೇಲೆ ತಲೆಯೆತ್ತಿದರು.

"ಮೇಷ್ಟ್ರೇ, ತೊಲೆ ಎಲ್ಲಿ?"

"ಒಳಗದಾವ್ರೀ. ಗಟ್ಟಿ ಅದಾವು."

"ನೀವು ಕೊನೇ ಸಲ ನೋಡಿದ್ದು ಯಾವಾಗ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಅವರು ಬೇಸರವಿಲ್ಲದೆ ವಿವರಿಸಿದರು: "ಈ ಕಟ್ಟಡ ಇನ್ನೆಷ್ಟು ವರ್ಷ ನಿಲ್ಲುತ್ತೆ ಅಂತ ನಾನು ಬರೆದು ಸಹಿ ಹಾಕಬೇಕು. ಸಾಲ ತೀರುವವರೆಗೂ ಮನೆ ನಿಂತಿರಬೇಕಲ್ಲ. ನೋಡದೇ ಇರೋದನ್ನ ಹೆಂಗೆ ಬರೀಲಿ?" ಸೀಲಿಂಗ್ ಬಿಚ್ಚದಿದ್ದರೆ ಜಾಗಕ್ಕಷ್ಟೇ ಬೆಲೆ, ಮನೆಗೆ ಸೊನ್ನೆ ಎಂದು ಹೇಳಿ ಹೊರಟರು. ಹಾಗಾದರೆ ಸಿಗುವ ಸಾಲ ತಮ್ಮನ ಪಾಲಿಗೆ ಸಾಲುತ್ತಿರಲಿಲ್ಲ. ಮನೆ ಮಾರುವುದೊಂದೇ ದಾರಿ ಉಳಿಯುತ್ತಿತ್ತು.

ಆ ರಾತ್ರಿ ಇಂಗ್ಲೆಂಡಿನಲ್ಲಿರುವ ತಮ್ಮನ ಮಗಳು ಫೋನ್ ಮಾಡಿದಳು. ಸೀಲಿಂಗ್ ಸಂಗತಿ ಕೇಳಿ, "ದೊಡ್ಡಪ್ಪಾ, ಇಲ್ಲಿ ನಮ್ಮದೂ ಇದೇ ಕಥೆ!" ಎಂದಳು. ಅವಳೂ ಅಳಿಯಂದಿರೂ ಅಲ್ಲೊಂದು ಹಳೆಯ ಮನೆ ಕೊಳ್ಳಲು ಮಾತಾಡಿದ್ದರು. ಮಾರುವವರು ವಯಸ್ಸಾದ ದಂಪತಿ. ಎಲ್ಲ ಕುದುರಿದ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ ಎಂದಿತು. ಛಾವಣಿಯ ಒಳಮೈಗೆ ನೊರೆ ಸಿಂಪಡಿಸಿದ್ದೇ ಅದಕ್ಕೆ ಕಾರಣ.

ಇದು ಸ್ಪ್ರೇ ಫೋಮ್. ಎರಡು ದ್ರವಗಳು ಪಿಚಕಾರಿಯ ಮೂತಿಯಲ್ಲಿ ಬೆರೆತು, ಬಿದ್ದಲ್ಲಿ ನೊರೆಯಾಗಿ ಹಲವು ಪಟ್ಟು ಉಬ್ಬಿ, ಗಟ್ಟಿಯಾಗುತ್ತವೆ. ಇದರ ಮೂಲವಸ್ತು ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯ ಒಟ್ಟೋ ಬೇಯರ್ ಎಂಬ ರಸಾಯನ ವಿಜ್ಞಾನಿ ಇದನ್ನು ಕಂಡುಹಿಡಿದ. ನೊರೆಯ ಪುಟ್ಟ ಪುಟ್ಟ ಗುಳ್ಳೆಗಳಲ್ಲಿ ಗಾಳಿಯೋ ಬೇರೆ ಅನಿಲವೋ ಸಿಕ್ಕಿಕೊಂಡಿರುತ್ತದೆ. ಅಲುಗಾಡದ ಗಾಳಿ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ. ಕಂಬಳಿ ಬೆಚ್ಚಗಿರುವುದೂ ಇದರಿಂದಲೇ. ಥರ್ಮೋಕೋಲಿನಲ್ಲಂತೂ ನೂರಕ್ಕೆ 98 ಪಾಲು ಗಾಳಿಯೇ. ನಮಗೆ ಬಿಸಿಲು ಒಳಗೆ ಬರಬಾರದು, ಅವರಿಗೆ ಒಳಗಿನ ಬೆಚ್ಚಗೆ ಹೊರಗೆ ಹೋಗಬಾರದು. ಎರಡಕ್ಕೂ ಉಪಾಯ ಒಂದೇ.

ತೊಂದರೆ ಬೇರೆ ಕಡೆ ಇದೆ. ಬೇಸಿಗೆಯಲ್ಲಿ ತಣ್ಣೀರು ತುಂಬಿದ ಸ್ಟೀಲ್ ಚೊಂಬಿನ ಹೊರಗೆ ಹನಿ ಮೂಡುವುದನ್ನು ನೋಡಿದ್ದೀರಲ್ಲ? ಗಾಳಿಯಲ್ಲಿರುವ ತೇವ ತಣ್ಣನೆಯ ಮೈ ಸೋಕಿದರೆ ನೀರಾಗುತ್ತದೆ. ಚಳಿದೇಶದಲ್ಲಿ ಅಡುಗೆಯ ಹಬೆ, ಸ್ನಾನದ ಹಬೆ ಮೇಲೇರಿ ತಣ್ಣನೆಯ ಛಾವಣಿಯ ಮರಕ್ಕೆ ತಾಗುತ್ತದೆ. ಗಾಳಿಯಾಡಿದರೆ ಒಣಗುತ್ತದೆ. ಮರದ ಮೈಗೆ ನೊರೆ ಮೆತ್ತಿದ್ದರೆ ತೇವ ಒಳಗೇ ಉಳಿದು ಮರ ಕೊಳೆಯಬಹುದು. ಸರಿಯಾದ ಕಡೆ, ಸರಿಯಾಗಿ ಹೊಡೆದರೆ ಕೊಳೆಯದೆಯೂ ಇರಬಹುದು. ಆದರೆ ನೊರೆಯ ಹಿಂದೆ ಏನಾಗಿದೆ ಎಂದು ನೋಡುವ ದಾರಿಯೇ ಇರುವುದಿಲ್ಲ. ಹಾಗಾಗಿ ಅಲ್ಲಿಯ ಹಲವು ಬ್ಯಾಂಕುಗಳು ಅಂಥ ಮನೆಗೆ ಸಾಲ ಕೊಡಲು ಹಿಂಜರಿಯುತ್ತವೆ. ಸಾಲ ಸಿಗದ ಮನೆಯನ್ನು ಕೊಳ್ಳುವವರೂ ಕಡಿಮೆ.

2020ರಲ್ಲಿ ಇಂಗ್ಲೆಂಡಿನ ಸರ್ಕಾರ ಮನೆ ಬೆಚ್ಚಗಿಡುವ ಕೆಲಸಗಳಿಗೆ 'ಗ್ರೀನ್ ಹೋಮ್ಸ್ ಗ್ರಾಂಟ್' ಎಂಬ ಸಹಾಯಧನ ಕೊಟ್ಟಿತ್ತು. ಆ ಹಣದಲ್ಲಿ ನೊರೆ ಹೊಡೆಸಿಕೊಂಡವರೂ ಇದ್ದಾರೆ. ಈಗ ಅದನ್ನು ಕೆರೆದು ತೆಗೆಸಲು ಸಾವಿರಾರು ಪೌಂಡ್ ಬೇಕು. "ಆ ಅಜ್ಜಿ ಅಳ್ತಿದ್ರು ದೊಡ್ಡಪ್ಪಾ. ವಿದ್ಯುತ್ ಬಿಲ್ಲು ಉಳಿಸೋಣ ಅಂತ ಮಾಡಿದ್ದು, ಮನೆ ಮಾರೋಕೇ ಆಗ್ತಿಲ್ಲ ಅಂತ" ಎಂದಳು ಹುಡುಗಿ. ಕೊನೆಗೆ ಅವಳೇ ಒಂದು ಮಾತು ಸೇರಿಸಿದಳು: "ನಿಮ್ಮದು ಬರೀ ಸ್ಕ್ರೂ ಹಾಕಿರೋದು. ಬಿಚ್ಚಿ ನೋಡಿ."

ಬಿಚ್ಚಿಸಿದೆವು. ಆರು ವರ್ಷದ ಧೂಳು, ಇಲಿ ಕಡಿದ ಥರ್ಮೋಕೋಲ್ ತುಣುಕು ಎಲ್ಲ ಉದುರಿದವು. ಮೊದಲ ಐದು ತೊಲೆಗಳನ್ನು ಎಂಜಿನಿಯರ್ ಸುತ್ತಿಗೆಯಿಂದ ತಟ್ಟಿದರು. ಠಣ್ ಠಣ್ ಎಂದವು. ಹಿತ್ತಿಲ ಗೋಡೆಯ ಕಡೆಯ ಆರನೆಯದು ಬೊದ್ ಎಂದಿತು. ಟಾರ್ಪಾಲು ಹರಿದಿದ್ದ ಜಾಗದಿಂದ ನೀರಿಳಿದು, ಗೋಡೆಯಲ್ಲಿ ಕೂತ ತುದಿಗೆ ಗೆದ್ದಲು ಹತ್ತಿತ್ತು. ಉಳಿ ಚುಚ್ಚಿದರೆ ಗೇಣುದ್ದ ಒಳಗೆ ಹೋಯಿತು. ಅದರ ಕೆಳಗೇ ಮೊಮ್ಮಗಳ ಓದುವ ಮೇಜು.

ಸೊಸೆ ಮಾತಾಡಲಿಲ್ಲ, ಮೇಜನ್ನು ಈಚೆಗೆಳೆದಳು. ಚೇಳಿಗೆ ಹೆದರಿ ಮುಚ್ಚಿದ್ದೆವು. ಮುಚ್ಚಿದ ಮೇಲೆ ಚೇಳಿಗಿಂತ ದೊಡ್ಡದು ನೆತ್ತಿಯ ಮೇಲೇ ಬೆಳೆಯುತ್ತಿತ್ತು. ಬ್ಯಾಂಕು ಅಡ್ಡಗಾಲು ಹಾಕಿತೆಂದು ನಾನು ಸಿಟ್ಟಾಗಿದ್ದೆ. ಅವರು ಕೇಳದಿದ್ದರೆ ಮುಂದಿನ ಮಳೆಗಾಲದಲ್ಲಿ ಏನಾಗುತ್ತಿತ್ತೋ!

ಆ ತೊಲೆ ತೆಗೆಸಿ ಉಕ್ಕಿನ ತೊಲೆ ಏರಿಸಿದೆವು. ಗೆದ್ದಲಿಗೆ ಔಷಧಿ ಹೊಡೆಸಿದೆವು. ಟಾರ್ಪಾಲು ಕಿತ್ತು, ಮಾಳಿಗೆಗೆ ಹೊಸ ಚೌಳು ಮಣ್ಣು ಹಾಕಿಸಿದೆವು. ಎಂಜಿನಿಯರ್ ಮತ್ತೆ ಬಂದು ನೋಡಿ, ಫೋಟೊ ತೆಗೆದುಕೊಂಡು ವರದಿ ಬರೆದರು. ಕೇಳಿದ್ದು ಹದಿನೈದು ವರ್ಷದ ಸಾಲ, ಸಿಕ್ಕಿದ್ದು ಹತ್ತು ವರ್ಷದ್ದು. ಮೊತ್ತವೂ ಸ್ವಲ್ಪ ಕಡಿಮೆಯೇ. ಉಳಿದದ್ದನ್ನು ಎರಡು ಕಂತಿನಲ್ಲಿ ಕೊಡು ಎಂದ ತಮ್ಮ. ಮನೆ ಉಳಿಯಿತು.

ನನ್ನ ಓರಗೆಯ ಅಜ್ಜ-ಅಜ್ಜಿಯರಿಗೆ ಒಂದು ಮಾತು. 60 ವರ್ಷ ದಾಟಿದವರು ಸ್ವಂತ ಮನೆಯನ್ನು ಅಡವಿಟ್ಟು, ಅದರಲ್ಲೇ ವಾಸವಿದ್ದುಕೊಂಡು, ತಿಂಗಳು ತಿಂಗಳು ಬ್ಯಾಂಕಿನಿಂದ ಹಣ ಪಡೆಯುವ 'ರಿವರ್ಸ್ ಮಾರ್ಟ್‌ಗೇಜ್' ಯೋಜನೆ ನಮ್ಮ ದೇಶದಲ್ಲೂ ಇದೆ. 2007ರ ಕೇಂದ್ರ ಬಜೆಟ್‌ನಲ್ಲಿ ಅದನ್ನು ಪ್ರಕಟಿಸಿದರು. ಅದಕ್ಕೂ ಸಾಮಾನ್ಯವಾಗಿ ಮನೆಗೆ ಇನ್ನೂ 20 ವರ್ಷವಾದರೂ ಆಯುಸ್ಸಿರಬೇಕು ಎನ್ನುತ್ತಾರೆ. ಮುಪ್ಪಿನಲ್ಲಿ ಮನೆಯೇ ನಮ್ಮನ್ನು ಸಾಕಬೇಕಾದರೆ, ಅದರ ಎಲುಬು ಗಟ್ಟಿಯಿದೆ ಎಂದು ತೋರಿಸುವಂತಿರಬೇಕು.

ಬಿಸಿಲಿಗೆ ಏನಾದರೂ ಮಾಡಬೇಕೆಂದರೆ ಮೇಲಿನಿಂದ ಮಾಡಿ. ಆರ್‌ಸಿಸಿ ಮನೆಯಾದರೆ ತಾರಸಿಗೆ ಬಿಳಿ ಸುಣ್ಣ ಬಳಿದರೂ ಬಿಸಿಲು ಎಷ್ಟೋ ಹಿಂದಕ್ಕೆ ಹೋಗುತ್ತದೆ. ಹಂಪಿಗೆ ಹೋದಾಗ ಯಾವುದಾದರೂ ಮಂಟಪದೊಳಗೆ ನಿಂತು ತಲೆಯೆತ್ತಿ ನೋಡಿ. ಕಲ್ಲಿನ ತೊಲೆ, ಕಲ್ಲಿನ ಚಪ್ಪಡಿ ಕಣ್ಣಿಗೆ ಕಾಣುತ್ತವೆ. ಇಟ್ಟಿಗೆ-ಗಾರೆಯ ಹೊದಿಕೆ ಅದರ ಮೇಲಿದೆ. ಕೆಳಗಿನಿಂದ ಸೀಲಿಂಗ್ ಬೇಕೇ ಬೇಕೆಂದರೆ, ಮುಚ್ಚುವ ಮೊದಲು ಪ್ರತಿ ತೊಲೆಯ ಫೋಟೊ ತೆಗೆದಿಡಿ. ಬಿಲ್ಲನ್ನು ಮನೆಪತ್ರದ ಜೊತೆಗೇ ಇಡಿ. ಪ್ರತಿ ತೊಲೆಯ ತುದಿ ಕಾಣುವಂತೆ ತೆಗೆದು ಹಾಕುವ ಕಿಂಡಿ ಬಿಡಿಸಿ. ಮಳೆಗಾಲ ಮುಗಿದ ಮೇಲೆ ಟಾರ್ಚ್ ಹಿಡಿದು ಒಮ್ಮೆ ಇಣುಕಿ. ಮೆತ್ತಿದರೆ ಬಿಡಿಸಲು ಬಾರದಂಥದ್ದನ್ನು ಮರಕ್ಕೆ ಹಚ್ಚುವ ಮುನ್ನ, ಮಾರುವವನನ್ನಲ್ಲ, ಬೆಲೆ ಕಟ್ಟುವವರನ್ನು ಕೇಳಿ.

ಈಗ ನಮ್ಮ ಪಡಸಾಲೆಯಲ್ಲಿ ಮತ್ತೆ ಅಷ್ಟಿಷ್ಟು ಮಣ್ಣು ಉದುರುತ್ತದೆ. ಊಟಕ್ಕೆ ಕೂರುವ ಕಡೆ ಮಾತ್ರ ಮೇಲೊಂದು ಬಟ್ಟೆ ಕಟ್ಟಿದ್ದೇವೆ, ಬೇಕೆಂದಾಗ ಬಿಚ್ಚುವ ಹಾಗೆ. ಮೊನ್ನೆ ಮಧ್ಯಾಹ್ನ ಮೊಮ್ಮಗಳು ನನ್ನ ಪಕ್ಕ ಅಂಗಾತ ಮಲಗಿ ಬೆರಳೆತ್ತಿ ಎಣಿಸಿದಳು.

"ಜಂತಿ ಅರವತ್ಮೂರು ಸರಿ ಐತೆ ತಾತಾ. ಆದರೆ ತೊಲೆ ಐದೇ. ಆ ಉಕ್ಕಿಂದನ್ನೂ ಸೇರಿಸ್ಲಾ?"

"ಸೇರಿಸವ್ವ," ಎಂದೆ. "ಭಾರ ಹೊರೋದು ಅದೂ ತಾನೇ."