ಹಾಸಿಗೆ ಹಿಡಿದ ವೃದ್ಧರ ಶುಶ್ರೂಷೆ

ಮಧುಗಿರಿಯ ಉಪವಿಭಾಗಾಧಿಕಾರಿಗಳ ಕಚೇರಿಯು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳ ಕಂದಾಯ ವ್ಯವಹಾರಗಳಿಗೆ ಮಾತ್ರವೇ ಕೇಂದ್ರವಲ್ಲ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ನೆಯ ಇಸವಿಯಲ್ಲಿ ಆದ ಕಾಯಿದೆಯ ಮೇರೆಗೆ, ಮಕ್ಕಳಿಂದ ಉಪೇಕ್ಷಿತರಾದ ವೃದ್ಧರು ಮೊರೆಯಿಡತಕ್ಕ ನ್ಯಾಯಮಂಡಳಿಯೂ ಅಲ್ಲಿಯೇ ಇರುವುದು. ತಿಂಗಳಿಗೆ 10,000 ರೂಪಾಯಿಗಳವರೆಗೆ ಜೀವನಾಂಶ ಕೊಡುವಂತೆ ಮಗನಿಗೆ ಆಜ್ಞೆ ಮಾಡುವ ಅಧಿಕಾರವನ್ನು ಕಾಯಿದೆಯು ಅದಕ್ಕೆ ಕೊಟ್ಟಿದೆ. ಪೋಷಣೆಯೆಂಬುದರಲ್ಲಿ ಅನ್ನ, ವಸ್ತ್ರ, ವಸತಿಗಳಲ್ಲದೆ ವೈದ್ಯೋಪಚಾರವೂ ಸೇರಿದೆಯೆಂದು ಸ್ಪಷ್ಟಪಡಿಸಿದೆ. ಕಾಯಿದೆ ಒಳ್ಳೆಯದೇ. ಆದರೆ ಪಾವಗಡದಿಂದ ಸುಮಾರು 60 ಕಿಲೋಮೀಟರು ದೂರ ಬಸ್ಸಿನಲ್ಲಿ ಬಂದು ಅರ್ಜಿ ಸಲ್ಲಿಸಬಲ್ಲ ಮುದುಕನಿಗೆ ಇನ್ನೂ ಕಾಲಿನಲ್ಲಿ ಶಕ್ತಿ ಉಳಿದಿದೆಯೆಂದೇ ಅರ್ಥ. ನಾವು ಇಂದು ಪ್ರಸ್ತಾಪಿಸಹೊರಟಿರುವುದು ಹಾಸಿಗೆಯಿಂದ ಏಳಲಾರದವರ ವಿಷಯ. ಅವರ ಪರವಾಗಿ ಮತ್ತೊಬ್ಬರು ಅರ್ಜಿ ಹಾಕಬಹುದು, ಮಂಡಳಿಯು ಹಣವನ್ನೂ ಕೊಡಿಸಬಹುದು. ದಿನಕ್ಕೆ ನಾಲ್ಕು ಬಾರಿ ಮಗ್ಗುಲು ಬದಲಾಯಿಸುವ ಕೈಯನ್ನು ಯಾವ ಮಂಡಳಿಯೂ ಕೊಡಿಸಲಾರದು.

ಈ ಸೀಮೆಯಲ್ಲಿ ಅಂಥವರ ಕಷ್ಟಕ್ಕೆ ವಿಶೇಷವಾದ ಕಾರಣವೊಂದುಂಟು. ಪಾವಗಡದಲ್ಲಿಯೂ, ಸಿರಾ ಮತ್ತು ಮಧುಗಿರಿಯ ಅನೇಕ ಗ್ರಾಮಗಳಲ್ಲಿಯೂ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡಿನ ಅಂಶ ಮಿತಿಮೀರಿರುವುದು ಹೊಸ ಸುದ್ದಿಯಲ್ಲ. ಆ ನೀರು ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಯನ್ನು ಬಿಡುತ್ತದೆ. ದಶಕಗಟ್ಟಲೆ ಅದನ್ನೇ ಕುಡಿದವರಿಗೆ ಕೀಲುಗಳು ಸೆಟೆದುಕೊಂಡು, ಬೆನ್ನುಮೂಳೆ ಬಗ್ಗಿ, ಕೊನೆಗೆ ನಡೆಯುವುದೇ ದುಸ್ತರವಾಗುತ್ತದೆ. ಒಮ್ಮೆ ಸೆಟೆದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಊರೂರಿಗೆ ಶುದ್ಧನೀರಿನ ಘಟಕ ಬಂದರೆ ಮುಂದಿನ ಪೀಳಿಗೆಗೆ ಉಪಕಾರವಾದೀತು. ಈಗಾಗಲೇ ಬಗ್ಗಿಹೋದ ಬೆನ್ನಿಗೆ ಅದರಿಂದ ಏನು? ಸರ್ಕಾರದವರೇ ತೋಡಿಸಿದ ಬಾವಿಗಳ ನೀರನ್ನು ಕುಡಿದು ಅಶಕ್ತರಾದವರ ವಿಷಯದಲ್ಲಿ ಸರ್ಕಾರಕ್ಕೆ ಸಾಮಾನ್ಯವಾದುದಕ್ಕಿಂತ ಹೆಚ್ಚಿನ ಹೊಣೆಯಿದೆಯೆಂಬುದು ನಮ್ಮ ಅಭಿಪ್ರಾಯ.

ಇತ್ತ ಮನೆಯಲ್ಲಿ ನೋಡಿಕೊಳ್ಳುವವರು ಯಾರು? ಮಳೆ ಕೈಕೊಟ್ಟ ವರ್ಷಗಳಲ್ಲಿ ಯುವಕರು ಬೆಂಗಳೂರಿನ ಕಟ್ಟಡ ಕೆಲಸಕ್ಕೋ, ಸಿದ್ಧ ಉಡುಪಿನ ಕಾರ್ಖಾನೆಗೋ ಹೊರಟುಹೋಗುವರು. ಊರಿನಲ್ಲಿ ಸೊಸೆ ಉಳಿದರೆ ಅತ್ತೆಯ ಶುಶ್ರೂಷೆಗಾಗಿ ಅವಳ ದಿನದ ಕೂಲಿ ತಪ್ಪುತ್ತದೆ. ಅವಳು ಕೂಲಿಗೆ ಹೋದರೆ ಅತ್ತೆ ಸಂಜೆಯವರೆಗೆ ಒದ್ದೆಯ ಹಾಸಿಗೆಯಲ್ಲಿಯೇ ಬಿದ್ದಿರಬೇಕು. ಇದನ್ನು ಸೊಸೆಯ ನಿರ್ದಯತೆಯೆಂದು ಕರೆಯುವವರು ಒಂದು ವಾರ ಅವಳ ಸಂಸಾರವನ್ನು ನಡೆಸಿ ನೋಡಲಿ.

ಸರ್ಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 1995ರ ಆಗಸ್ಟ್ 15ರಂದು ಆರಂಭವಾದ ಕೇಂದ್ರದ ವೃದ್ಧಾಪ್ಯ ವೇತನಕ್ಕೆ ಆಗ ದೊರೆಯುತ್ತಿದ್ದ ಸಹಾಯ ತಿಂಗಳಿಗೆ 75 ರೂಪಾಯಿ. 2006ರಲ್ಲಿ ಅದು 200 ಆಯಿತು. 2011ರಲ್ಲಿ 80 ವರ್ಷ ದಾಟಿದವರಿಗೆ 500 ಎಂದು ಗೊತ್ತುಪಡಿಸಲಾಯಿತು. ಕರ್ನಾಟಕ ಸರ್ಕಾರವು 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ತಂದು, 2021ರಲ್ಲಿ ಅದರ ಮಾಸಾಶನವನ್ನು 1,200 ರೂಪಾಯಿಗಳಿಗೆ ಏರಿಸಿತು. ಮೂವತ್ತು ದಿನಗಳಿಗೆ ಹಂಚಿದರೆ ದಿನಕ್ಕೆ 40 ರೂಪಾಯಿ. ರಾಗಿ, ಮಾತ್ರೆಗಳಿಗೆ ಅದು ಮುಗಿಯುತ್ತದೆ. ಹೆಬ್ಬೆರಳಿನ ಗುರುತು ಸವೆದು ಯಂತ್ರವು ಒಪ್ಪದಿದ್ದರೆ ಅದೂ ಸಕಾಲಕ್ಕೆ ಕೈಸೇರದು.

2010ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮದ ನಿಯಮಾವಳಿಯಲ್ಲಿ, ಹಾಸಿಗೆ ಹಿಡಿದವರ ಮನೆಗೆ ಉಪಕೇಂದ್ರದ ಆರೋಗ್ಯ ಕಾರ್ಯಕರ್ತರು ಹೋಗಿ ನೋಡಬೇಕು, ಮನೆಯವರಿಗೆ ಶುಶ್ರೂಷೆಯ ಕ್ರಮವನ್ನು ಕಲಿಸಬೇಕು ಎಂದಿದೆ. ಆದರೆ ಬಸುರಿ, ಬಾಣಂತಿ, ಲಸಿಕೆ, ಗಣತಿ ಇವೆಲ್ಲವನ್ನೂ ಹೊತ್ತ ಆಶಾ ಕಾರ್ಯಕರ್ತೆಗೂ ದಾದಿಗೂ ಈ ಕೆಲಸವನ್ನು ಸೇರಿಸುವುದೆಂದರೆ ಕಾಗದದ ಮೇಲೆ ಸೇರಿಸಿದಂತೆಯೇ. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಿಂದ ರಕ್ತದೊತ್ತಡ, ಸಕ್ಕರೆ ರೋಗಗಳ ಪರೀಕ್ಷೆ ಮನೆಬಾಗಿಲಿಗೆ ಬರುವಂತಾದುದು ಸ್ವಾಗತಾರ್ಹ. ಪರೀಕ್ಷೆ ಮಾಡಿ ಹೋದ ಮೇಲೆ ಹುಣ್ಣು ತೊಳೆಯುವವರೂ ಬೇಕಲ್ಲವೆ?

ನೆರೆಯವರನ್ನು ನೋಡೋಣ. ಕೇರಳವು 2008ರಲ್ಲಿ ನೋವು ಶಮನದ ನೀತಿಯನ್ನು ಅಂಗೀಕರಿಸಿ, ಪಂಚಾಯಿತಿಯ ಹಣದಿಂದ ದಾದಿಯರನ್ನು ಮನೆಮನೆಗೆ ಕಳುಹಿಸುತ್ತ ಬಂದಿದೆ. ತಮಿಳುನಾಡು 2021ರ ಆಗಸ್ಟಿನಲ್ಲಿ, ನಮ್ಮ ಗಡಿಗೆ ಹೊಂದಿಕೊಂಡ ಕೃಷ್ಣಗಿರಿ ಜಿಲ್ಲೆಯಲ್ಲಿಯೇ, ಔಷಧದೊಡನೆ ಅಂಗಸಾಧನೆ ಮಾಡಿಸುವವರನ್ನೂ ಮನೆಗೆ ಕಳುಹಿಸುವ ಯೋಜನೆಯನ್ನು ಆರಂಭಿಸಿತು. ಜಪಾನಿನಲ್ಲಿ 2000ದಿಂದ ನಲವತ್ತು ದಾಟಿದವರೆಲ್ಲರೂ ಇದಕ್ಕೆ ವಂತಿಗೆ ಕೊಡುತ್ತಾರೆ. ವೆಚ್ಚದ ಅರ್ಧದಷ್ಟು ತೆರಿಗೆಯ ಹಣ. ಅಷ್ಟು ದೂರ ಹೋಗುವುದು ನಮಗೆ ಇಂದೇ ಸಾಧ್ಯವಾಗದಿರಬಹುದು.

ವೃದ್ಧರ ಸೇವೆ ಮನೆಯವರ ಧರ್ಮ, ಸರ್ಕಾರಕ್ಕೇಕೆ ಎಂಬ ಆಕ್ಷೇಪಣೆ ಬರಬಹುದು. ಮಕ್ಕಳನ್ನು ಸಾಕುವುದೂ ತಾಯಂದಿರ ಧರ್ಮವೇ. ಹಾಗೆಂದು 1975ರಲ್ಲಿ ಟಿ. ನರಸೀಪುರದಲ್ಲಿ ಅಂಗನವಾಡಿಯ ಕಾರ್ಯಕ್ರಮವನ್ನು ಆರಂಭಿಸದೆ ಇರಲಿಲ್ಲ. ಇಂದು ಅಂಗನವಾಡಿಯಿಲ್ಲದ ಊರೇ ಅಪರೂಪ.

ಆದುದರಿಂದ ಪ್ರತಿ ಗ್ರಾಮಪಂಚಾಯಿತಿಗೆ ಇಬ್ಬರು ಶುಶ್ರೂಷಕಿಯರನ್ನು ಸಂಬಳದ ಮೇಲೆ ನೇಮಿಸಿ, ತಾಲ್ಲೂಕು ಆಸ್ಪತ್ರೆಯಲ್ಲಿ ತರಬೇತಿ ಕೊಡಿಸಿ, ಮೊದಲು ಈ ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗ ಮಾಡಿ ನೋಡಬೇಕೆಂದು ನಾವು ಸರ್ಕಾರವನ್ನು ಕೇಳುತ್ತೇವೆ. ಗೌರವಧನವೆಂಬ ಹೆಸರಿನಲ್ಲಿ ಅರ್ಧ ಕೂಲಿ ಕೊಡುವ ಪದ್ಧತಿ ಇಲ್ಲಿ ಬೇಡ. ಹೊರಗಿನಿಂದ ಗುತ್ತಿಗೆದಾರರ ಮೂಲಕ ಜನರನ್ನು ಕಳುಹಿಸುವುದೂ ಬೇಡ. ಆಯಾ ಊರಿನ ಹೆಂಗಸರನ್ನೇ ಆರಿಸತಕ್ಕದ್ದು. ಮೂರು ಕಡೆಯೂ ಆಂಧ್ರ ಸುತ್ತಿಕೊಂಡಿರುವ ಪಾವಗಡದಲ್ಲಿ ತೆಲುಗು ಬಲ್ಲವರನ್ನು ನೇಮಿಸುವುದು ಅವಶ್ಯಕ. ಅಲ್ಲಿಯ ಅನೇಕ ಮುದುಕಿಯರು ನೋವನ್ನು ಹೇಳಿಕೊಳ್ಳುವುದು ಆ ಭಾಷೆಯಲ್ಲಿಯೇ.