ವಿದೇಶಿ ಭಾಷಾ ಕಲಿಕೆ: ಶುಲ್ಕಕ್ಕಿಂತ ಸಮಯದ ಲೆಕ್ಕ ಮುಖ್ಯ

ವಿದೇಶಿ ವ್ಯಾಪಾರಕ್ಕೆ ಇಂಗ್ಲಿಷ್ ಒಂದೇ ಸಾಕೆಂಬ ನಂಬಿಕೆ ನಮ್ಮ ಉದ್ಯಮ ವಲಯದಲ್ಲಿ ಬಹುಕಾಲದಿಂದ ಬೇರೂರಿದೆ. ಪತ್ರವ್ಯವಹಾರದ ಮಟ್ಟಿಗೆ ಅದು ನಿಜವೇ ಇರಬಹುದು. ಆದರೆ ಜಪಾನಿನ ತಂತ್ರಜ್ಞರೊಡನೆ ಯಂತ್ರದ ಮುಂದೆ ನಿಂತು ದೋಷ ಹುಡುಕುವ ಮೇಲ್ವಿಚಾರಕನಿಗೆ ಅಥವಾ ಜರ್ಮನಿಯ ಆಸ್ಪತ್ರೆಯಲ್ಲಿ ದುಡಿಯಬಯಸುವ ದಾದಿಗೆ ಇಂಗ್ಲಿಷ್ ಸಾಲದು. ಬಿಡದಿಯ ಟೊಯೊಟಾ, ಬೆಂಗಳೂರಿನ ಬಾಷ್ ಮೊದಲಾದ ಸಂಸ್ಥೆಗಳ ಮೂಲಕ ಈ ಎರಡು ದೇಶಗಳೊಡನೆ ರಾಜ್ಯದ ಕೈಗಾರಿಕೆಗೆ ದಶಕಗಳ ನಂಟಿದೆ. ನಿರ್ದಿಷ್ಟ ಕೌಶಲದ ಕೆಲಸಗಾರರ ಕುರಿತು ಭಾರತ ಮತ್ತು ಜಪಾನ್ 2021ರಲ್ಲಿ ಒಡಂಬಡಿಕೆ ಮಾಡಿಕೊಂಡವು. ಭಾರತೀಯ ಕುಶಲಕರ್ಮಿಗಳ ವಾರ್ಷಿಕ ವೀಸಾ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ 2024ರಲ್ಲಿ ಪ್ರಕಟಿಸಿತು. ಆದ್ದರಿಂದ ಭಾಷಾ ತರಬೇತಿಗೆ ಹಣ ತೊಡಗಿಸುವ ಮುನ್ನ ಅದರ ಲೆಕ್ಕಾಚಾರವನ್ನು ಅರಿಯುವುದು ಒಳಿತು.

ಮಾಧ್ಯಮ ಹೊಸದು, ವಿಧಾನಗಳು ಹಳೆಯವು

ಆನ್‌ಲೈನ್ ಶಿಕ್ಷಣವನ್ನು ಹೊಸ ಕಲಿಕಾ ವಿಧಾನವೆಂದು ಭಾವಿಸುವವರು ಅನೇಕರು. ವಾಸ್ತವದಲ್ಲಿ ಅದು ಹಳೆಯ ವಿಧಾನಗಳನ್ನು ಹೊತ್ತು ತರುವ ಹೊಸ ಮಾಧ್ಯಮ. ವ್ಯಾಕರಣ ಮತ್ತು ಭಾಷಾಂತರದ ಮೂಲಕ ಕಲಿಸುವ ಪದ್ಧತಿ ಎಲ್ಲಕ್ಕಿಂತ ಪ್ರಾಚೀನವಾದುದು. ಕರಾರುಪತ್ರ, ತಾಂತ್ರಿಕ ಕೈಪಿಡಿಗಳನ್ನು ಓದಲು ಅದು ಇಂದಿಗೂ ಉಪಯುಕ್ತ. ಮಾತಿಗೆ ಮಾತ್ರ ಅಷ್ಟಾಗಿ ಒದಗದು. ಕಲಿಯುವ ಭಾಷೆಯಲ್ಲಿಯೇ ಪಾಠ ಹೇಳುವ ನೇರ ವಿಧಾನವನ್ನು ಮ್ಯಾಕ್ಸಿಮಿಲಿಯನ್ ಬರ್ಲಿಟ್ಸ್ 1878ರಲ್ಲಿ ಅಮೆರಿಕದಲ್ಲಿ ತೆರೆದ ಶಾಲೆಯು ಪ್ರಸಿದ್ಧಗೊಳಿಸಿತು. ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಸೈನಿಕ ತರಬೇತಿಯ ಅನುಭವದಿಂದ, ಕೇಳಿ ಪುನರುಚ್ಚರಿಸುವ ಶ್ರವಣ ವಿಧಾನ ಬಲಗೊಂಡಿತು. 1970ರ ದಶಕದಿಂದ ಸಂವಹನಾತ್ಮಕ ವಿಧಾನ ಪ್ರಾಧಾನ್ಯ ಪಡೆಯಿತು. ದರ ಕೇಳುವುದು, ಸಮಯ ನಿಗದಿಪಡಿಸುವುದು ಮೊದಲಾದ ನಿತ್ಯದ ಕೆಲಸಗಳೇ ಇಲ್ಲಿ ಪಾಠವಾಗುತ್ತವೆ.

ಮೊಬೈಲ್ ಆ್ಯಪ್‌ಗಳ ಜೀವಾಳ ಅಂತರಬದ್ಧ ಪುನರಾವರ್ತನೆ. ಕಲಿತದ್ದು ಕಾಲಕ್ರಮದಲ್ಲಿ ಹೇಗೆ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ ಅಳೆದು ತೋರಿಸಿದ್ದರು. ಮರೆಯುವ ಹೊತ್ತಿಗೆ ಸರಿಯಾಗಿ ಪದವನ್ನು ಮತ್ತೆ ಮುಂದಿಡುವ ಕೆಲಸವನ್ನು ಈಗ ಗಣಕವೇ ಮಾಡುತ್ತದೆ. ಶಬ್ದಸಂಪತ್ತು ಬೆಳೆಸಲು ಇದು ಅಗ್ಗದ, ಪರಿಣಾಮಕಾರಿ ಸಾಧನ. ಆದರೆ ಗ್ರಾಹಕನು ಅನಿರೀಕ್ಷಿತ ಪ್ರಶ್ನೆ ಕೇಳಿದಾಗ ಉತ್ತರಿಸುವ ಅಭ್ಯಾಸ ಇದರಿಂದಷ್ಟೇ ದೊರೆಯದು. ಅದಕ್ಕೆ ತಪ್ಪನ್ನು ತಿದ್ದುವ ಶಿಕ್ಷಕರೊಡನೆ ನೇರ ಸಂಭಾಷಣೆ ಅವಶ್ಯಕ. ಅದು ತರಗತಿಯಲ್ಲಾದರೂ ಸರಿ, ವಿಡಿಯೋ ಮೂಲಕವಾದರೂ ಸರಿ.

ಗಂಟೆಗಳ ಲೆಕ್ಕ

ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆಯ ಅಂದಾಜಿನಂತೆ, ಇಂಗ್ಲಿಷ್ ಮಾತೃಭಾಷೆಯವರು ವೃತ್ತಿಗೆ ಸಾಲುವಷ್ಟು ಜರ್ಮನ್ ಕಲಿಯಲು ಸುಮಾರು 900 ಹಾಗೂ ಜಪಾನಿ ಕಲಿಯಲು ಸುಮಾರು 2,200 ತರಗತಿ ಗಂಟೆಗಳು ಬೇಕು. ದಿನಕ್ಕೆ ಒಂದು ಗಂಟೆಯಂತೆ ವರ್ಷಕ್ಕೆ 300 ದಿನ ಕಲಿತರೂ ಜರ್ಮನ್‌ಗೆ ಮೂರು ವರ್ಷ, ಜಪಾನಿಗೆ ಏಳು ವರ್ಷಕ್ಕೂ ಮಿಗಿಲು. ನೌಕರನ ಒಂದು ಗಂಟೆಯ ವೆಚ್ಚ 250 ರೂಪಾಯಿ ಎಂದಿಟ್ಟುಕೊಂಡರೆ, 900 ಗಂಟೆಗಳ ಬೆಲೆ 2,25,000 ರೂಪಾಯಿ. ಉಚಿತವೆಂದು ತೋರುವ ಕೋರ್ಸಿನ ನಿಜವಾದ ವೆಚ್ಚ ಇಲ್ಲಿದೆ. ಸೂಕ್ತವಲ್ಲದ ವಿಧಾನವನ್ನು ಆಯ್ದುಕೊಂಡರೆ ನಷ್ಟವಾಗುವುದು ಶುಲ್ಕಕ್ಕಿಂತ ಹೆಚ್ಚಾಗಿ ಈ ಸಮಯವೇ.

ಕನ್ನಡಿಗರಿಗೊಂದು ಅನುಕೂಲ

ಈ ಅಂದಾಜು ಕನ್ನಡಿಗರಿಗೆ ಯಥಾವತ್ತಾಗಿ ಅನ್ವಯಿಸದು. ಜಪಾನಿ ವಾಕ್ಯದಲ್ಲಿ ಕ್ರಿಯಾಪದ ಕನ್ನಡದಂತೆಯೇ ಕೊನೆಗೆ ಬರುತ್ತದೆ. ವಿಭಕ್ತಿ ಪ್ರತ್ಯಯಗಳ ಕೆಲಸ ಮಾಡುವ ಅಂಶಗಳು ನಾಮಪದದ ನಂತರ ಬರುತ್ತವೆ. ‘ವತಾಶಿ ವಾ ಕೋಜೋ ದೆ ಶಿಗೊತೊ ಓ ಶಿಮಾಸು’ ಎಂಬುದನ್ನು ‘ನಾನು ಕಾರ್ಖಾನೆಯಲ್ಲಿ ಕೆಲಸವನ್ನು ಮಾಡುತ್ತೇನೆ’ ಎಂದು ಪದದ ಕ್ರಮವನ್ನೂ ಬದಲಿಸದೆ ಹೇಳಬಹುದು. ‘ದೆ’ ಎಂಬುದು ನಮ್ಮ ‘ಅಲ್ಲಿ’, ‘ಓ’ ಎಂಬುದು ‘ಅನ್ನು’. ಇಂಗ್ಲಿಷ್ ಮೂಲಕ ಕಲಿಸುವ ಕೋರ್ಸುಗಳಲ್ಲಿ ಈ ಅನುಕೂಲ ಮರೆಯಾಗುತ್ತದೆ. ಕನ್ನಡಕ್ಕೆ ಹೋಲಿಸಿ ಕಲಿಸಬಲ್ಲ ಶಿಕ್ಷಕರು ದೊರೆತರೆ ವಾಕ್ಯರಚನೆ ಬೇಗ ಒಲಿಯುತ್ತದೆ. ಆದರೆ ನಿತ್ಯಬಳಕೆಯ 2,136 ಕಾಂಜಿ ಲಿಪಿಚಿಹ್ನೆಗಳಿಗೆ ಒಳದಾರಿಯಿಲ್ಲ. ಅವುಗಳಿಗೆ ನಿತ್ಯಾಭ್ಯಾಸವೇ ಗತಿ.

ಪ್ರಮಾಣಪತ್ರದ ಅರ್ಥ

ಜಪಾನಿ ಭಾಷೆಯ ಜೆ.ಎಲ್.ಪಿ.ಟಿ. ಪರೀಕ್ಷೆಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಹಂತಗಳಿವೆ. ಇದು ಪದ, ವ್ಯಾಕರಣ, ಓದು ಮತ್ತು ಆಲಿಸುವಿಕೆಯನ್ನು ಮಾತ್ರ ಅಳೆಯುತ್ತದೆ. ಮಾತನಾಡುವ ಪರೀಕ್ಷೆ ಇದರಲ್ಲಿಲ್ಲ. ಜರ್ಮನ್ ಭಾಷೆಗೆ ಗಯಟೆ ಸಂಸ್ಥೆಯು ಎ1ರಿಂದ ಸಿ2ವರೆಗಿನ ಯುರೋಪಿನ ಹಂತಗಳಲ್ಲಿ ನಡೆಸುವ ಪರೀಕ್ಷೆಗಳು ಮಾತು ಮತ್ತು ಬರಹವನ್ನೂ ಒಳಗೊಂಡಿವೆ. ಉದ್ಯೋಗದಾತರು ಪ್ರಮಾಣಪತ್ರ ನೋಡುವಾಗ ಈ ವ್ಯತ್ಯಾಸವನ್ನು ಗಮನಿಸಬೇಕು. ಆ್ಯಪ್‌ಗಳು ನೀಡುವ ಅಂಕ, ಪದಕಗಳು ಇಂತಹ ಪರೀಕ್ಷೆಗಳಿಗೆ ಸಮನಲ್ಲ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಮೊದಲಿಗೆ, ನೌಕರನು ಓದಬೇಕೇ, ಮಾತನಾಡಬೇಕೇ, ಪರೀಕ್ಷೆ ತೇರ್ಗಡೆಯಾಗಬೇಕೇ ಎಂಬುದನ್ನು ನಿರ್ಧರಿಸಿ ವಿಧಾನವನ್ನು ಆಯ್ಕೆ ಮಾಡಬೇಕು. ಎರಡನೆಯದಾಗಿ, 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯಲ್ಲಿ ಐ.ಐ.ಟಿ.ಗಳು ಜರ್ಮನ್, ಜಪಾನಿ ಭಾಷೆಗಳ ಪ್ರವೇಶ ಹಂತದ ಕೋರ್ಸುಗಳನ್ನು ನೀಡಿವೆ. ನೌಕರರ ಆಸಕ್ತಿಯನ್ನು ಪರೀಕ್ಷಿಸಲು ಇವು ಸೂಕ್ತ. ಅಲ್ಲಿ ನಿಂತವರಿಗೆ ಮುಂದಿನ ಹಂತದಲ್ಲಿ ಶಿಕ್ಷಕರ ತರಗತಿಗೆ ವೆಚ್ಚ ಮಾಡಬಹುದು. ಮೂರನೆಯದಾಗಿ, ವ್ಯವಹಾರಕ್ಕಾಗಿಯೇ ಮಾಡಿದ ತರಬೇತಿ ವೆಚ್ಚದ ಇನ್‌ವಾಯ್ಸ್ ಸಂಸ್ಥೆಯ ಹೆಸರಿನಲ್ಲಿ, ಜಿ.ಎಸ್.ಟಿ. ಸಂಖ್ಯೆಯೊಡನೆ ಇರಬೇಕು. ನೌಕರನ ಖಾಸಗಿ ಕಾರ್ಡಿನಿಂದ ಪಾವತಿಸಿ ಅವನ ಹೆಸರಿನಲ್ಲೇ ರಸೀದಿ ಪಡೆದರೆ ಹೂಡುವಳಿ ತೆರಿಗೆ ಜಮೆಗೆ ತೊಡಕುಂಟಾಗುತ್ತದೆ. ನೋಂದಾಯಿತ ಸಂಸ್ಥೆಯು ವಿದೇಶಿ ಪೂರೈಕೆದಾರರಿಂದ ಕೋರ್ಸು ಖರೀದಿಸಿದಲ್ಲಿ, ರಿವರ್ಸ್ ಚಾರ್ಜ್ ಅಡಿ ತೆರಿಗೆ ಪಾವತಿಸುವ ಹೊಣೆ ಖರೀದಿದಾರರದೇ.

ಯಂತ್ರ ಕೊಳ್ಳುವಾಗ ಅದರ ಉತ್ಪಾದನಾ ಸಾಮರ್ಥ್ಯವನ್ನು ವಿಚಾರಿಸದೆ ಯಾವ ಉದ್ಯಮಿಯೂ ಮುಂಗಡ ಕೊಡುವುದಿಲ್ಲ. ನೌಕರರ ನೂರಾರು ಗಂಟೆಗಳನ್ನು ಬೇಡುವ ಭಾಷಾ ತರಬೇತಿಗೂ ಅದೇ ಎಚ್ಚರಿಕೆ ಸಲ್ಲಬೇಕು.